ಬೂದಿಕೋಟೆಯ ಹೈದರ್ ಅಲಿ: ಯುದ್ಧದಲ್ಲಿ ಮಡಿದ ನಿರಪರಾಧಿಗಳ ಲೆಕ್ಕ



ಬೆಂಗಳೂರಿನಿಂದ ಚೆನ್ನೈ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಬಂಗಾರಪೇಟೆ ಜಂಕ್ಷನ್ ಗೊತ್ತಿರುತ್ತದೆ. ಅಲ್ಲಿಂದ ಒಂದು ಕವಲು ಹಳಿ ಕೋಲಾರ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂ ತನಕ ಹೋಗುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆ.ಜಿ.ಎಫ್. ಎಂದರೆ ನಮಗೆ ನೆನಪಾಗುವುದು ಚಿನ್ನವೇ. ಆದರೆ ಬಂಗಾರಪೇಟೆಯಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಬೂದಿಕೋಟೆ ಎಂಬ ಹಳೆಯ ಊರಿದೆ. ಮೈಸೂರನ್ನು ಆಳಿದ ಹೈದರ್ ಅಲಿ ಹುಟ್ಟಿದ್ದು ಇಲ್ಲಿ. ಗಣಿ ಊರು ತಲೆಯೆತ್ತಿದ್ದು ಅವನ ಕಾಲದಿಂದ ಸುಮಾರು ನೂರು ವರ್ಷಗಳ ನಂತರ.

ಇನ್ನೊಂದು ಸಂಗತಿಯೂ ಇದೆ. ಬಂಗಾರಪೇಟೆಯ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರ ತನಕ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರನ್ನು ಈ ಪೇಟೆಗೆ ಇಡಲಾಗಿತ್ತು. ಅದೇ ಬೌರಿಂಗ್ 1893ರಲ್ಲಿ ಹೈದರ್ ಮತ್ತು ಟಿಪ್ಪು ಅವರ ಜೀವನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಹೀಗೆ ಹೈದರ್ ಹುಟ್ಟಿದ ತಾಲೂಕಿನ ಪೇಟೆಗೆ ಅವನ ಚರಿತ್ರೆ ಬರೆದವರ ಹೆಸರೇ ಬಹುಕಾಲ ಇತ್ತು.

ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಟಿಪ್ಪುವಿನ ಹೆಸರು ಸೆರೆವಾಸದ ಜೊತೆಗೆ ಬರುತ್ತದೆ, ಹೈದರನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಸೆರೆವಾಸಕ್ಕೆ ಮುಂಚಿನ ಇಪ್ಪತ್ತು ವರ್ಷ ಈ ಭಾಗದ ಹಳ್ಳಿಗಳಲ್ಲಿ ಸೈನ್ಯಗಳು ಏನು ಮಾಡಿದವು, ಅದರ ಬಗ್ಗೆ ಲಂಡನ್ನಿನ ತನಕ ನಡೆದ ವಾದ ಏನು ಎಂಬುದನ್ನು ತಿಳಿಯದೆ ಸೆರೆವಾಸವೂ ಪೂರ್ತಿ ಅರ್ಥವಾಗುವುದಿಲ್ಲ. ಆದ್ದರಿಂದ ಈ ಬಾರಿ ಹೈದರನ ಬದುಕನ್ನು ಓದುಗರ ಮುಂದಿಡುತ್ತಿದ್ದೇವೆ.

ತಂದೆ ಇಲ್ಲದ ಬಾಲ್ಯ

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ. ತಂದೆ ಫತೆ ಮಹಮ್ಮದ್ ಸಿರಾದ ನವಾಬನ ಸೇವೆಯಲ್ಲಿದ್ದು, ಬೂದಿಕೋಟೆಯ ಫೌಜುದಾರನಾಗಿದ್ದನು. ಹೈದರ್ ಇನ್ನೂ ಬಾಲಕನಾಗಿದ್ದಾಗ ತಂದೆ ಯುದ್ಧದಲ್ಲಿ ಮಡಿದನು. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್, ಸತ್ತವನ ಬಾಕಿ ಹಣ ಬರಬೇಕೆಂದು ಹೇಳಿ ವಿಧವೆಯ ಆಸ್ತಿಯನ್ನು ಕಿತ್ತುಕೊಂಡು, ಹೈದರ್ ಮತ್ತು ಅವನ ಅಣ್ಣ ಶಹಬಾಜನನ್ನು ಹಿಂಸಿಸಿದನೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಮಕ್ಕಳನ್ನು ನಗಾರಿಯೊಳಗೆ ಕೂಡಿಹಾಕಿ ಮೇಲಿನಿಂದ ಬಾರಿಸಿದರೆಂಬ ಕಥೆಯೂ ಇದೆ. ದೊಡ್ಡವರ ಜಗಳದಲ್ಲಿ ಏನೂ ತಪ್ಪು ಮಾಡದ ಮಕ್ಕಳು ನೋವು ತಿನ್ನುವುದು ಏನೆಂದು ಈ ಹುಡುಗನಿಗೆ ಚೆನ್ನಾಗಿ ತಿಳಿದಿರಬೇಕು.

ಅನಂತರ ಅಣ್ಣತಮ್ಮಂದಿರು ಮೈಸೂರು ಸೇನೆ ಸೇರಿದರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರನ ಧೈರ್ಯ ದಳವಾಯಿಗಳ ಕಣ್ಣಿಗೆ ಬಿತ್ತು. 1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದನು, 1761ರ ವೇಳೆಗೆ ಮೈಸೂರಿನ ನಿಜವಾದ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. ಅರಸರು ಸಿಂಹಾಸನದ ಮೇಲೆ ಹೆಸರಿಗೆ ಉಳಿದರು.

ಅವನಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಅಸಾಧಾರಣ ನೆನಪಿನ ಶಕ್ತಿಯಿತ್ತು, ಜನರ ಯೋಗ್ಯತೆಯನ್ನು ಅಳೆಯುವ ಚುರುಕಿತ್ತು. ಜಾತಿ ಮತ ನೋಡದೆ ಕೆಲಸ ಬಲ್ಲವರನ್ನು ಹತ್ತಿರ ಇಟ್ಟುಕೊಂಡನು. ಪೂರ್ಣಯ್ಯನಂತಹ ಆಡಳಿತಗಾರರು ಅವನ ಕೈಕೆಳಗೆ ಬೆಳೆದರು. ಅವನ ಸೇನೆಯಲ್ಲಿ ಯುರೋಪಿನ ಕ್ರೈಸ್ತ ಸೈನಿಕರೂ ಇದ್ದರು. ಆದರೆ ಎದುರು ನಿಂತವರ ಮೇಲೆ ಅವನ ಸಿಟ್ಟಿಗೆ ಮಿತಿ ಇರಲಿಲ್ಲ. ತನಗೆ ದ್ರೋಹ ಬಗೆದ ಖಂಡೇರಾಯನ ಜೀವ ಉಳಿಸುವಂತೆ ಅರಮನೆಯವರು ಬೇಡಿಕೊಂಡಾಗ, ಅವನನ್ನು ಗಿಳಿಯಂತೆ ಸಾಕುವೆನೆಂದು ಮಾತುಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಟ್ಟನೆಂದು ಚರಿತ್ರೆ ಹೇಳುತ್ತದೆ.

ಕರಾವಳಿ, ಮಲಬಾರ್, ಚಿತ್ರದುರ್ಗ

1763ರಲ್ಲಿ ಹೈದರ್ ಬಿದನೂರನ್ನು ಗೆದ್ದನು. ರಾಣಿ ವೀರಮ್ಮಾಜಿ ಸೆರೆಯಾದಳು, ಬಿದನೂರಿಗೆ ಹೈದರ್‌ನಗರ ಎಂಬ ಹೆಸರಾಯಿತು. ಇಂದಿನ ಹೊಸನಗರ ತಾಲೂಕಿನ ನಗರವೇ ಅದು. ಕೆಳದಿಯ ಅರಸರಿಗೆ ಸೇರಿದ್ದ ಮಂಗಳೂರು, ಹೊನ್ನಾವರಗಳೂ ಇದರೊಂದಿಗೆ ಮೈಸೂರಿಗೆ ಬಂದವು. ಅಂದಿನಿಂದ ನಮ್ಮ ಪೂರ್ವಜರು ಹೈದರನ ಪ್ರಜೆಗಳಾದರು. ಅವನು ಮಂಗಳೂರನ್ನು ನೌಕಾನೆಲೆಯಾಗಿ ಬೆಳೆಸಿದನು. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷ್ ಸೇನೆ ಮಂಗಳೂರನ್ನು ಸ್ವಲ್ಪ ಕಾಲ ಹಿಡಿದಾಗ ಕ್ರೈಸ್ತರು ಅದಕ್ಕೆ ನೆರವಾದರೆಂಬ ಸಂಶಯ ಆಗಲೇ ಹುಟ್ಟಿಕೊಂಡಿತು. ಅದೇ ವರ್ಷ ಇಂಗ್ಲಿಷರು ಹೈದರನ ತವರು ನೆಲವಾದ ಕೋಲಾರವನ್ನೂ ಹಿಡಿದರು. ಅಕ್ಟೋಬರ್‌ನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ದೊಡ್ಡ ಕಾಳಗವಾಯಿತು. 1769ರ ಏಪ್ರಿಲ್‌ನಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಮಾಡಿಸಿಕೊಂಡನು.

1766ರಲ್ಲಿ ಅವನು ಮಲಬಾರನ್ನು ಆಕ್ರಮಿಸಿದನು. ನಾಯರ್ ಸಮುದಾಯ ದಂಗೆ ಎದ್ದಾಗ ಶಿಕ್ಷೆ ಸೈನಿಕರಿಗೆ ಮಾತ್ರ ನಿಲ್ಲಲಿಲ್ಲ. ಹಳ್ಳಿಗಳು ಸುಟ್ಟುಹೋದವು. ಹದಿನೈದು ಸಾವಿರ ಜನರನ್ನು ಮೈಸೂರು ಸೀಮೆಗೆ ಸಾಗಿಸಲಾಯಿತೆಂದೂ, ಅವರಲ್ಲಿ ಬದುಕುಳಿದವರು ಇನ್ನೂರಕ್ಕೂ ಕಡಿಮೆ ಎಂದೂ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾರೆ. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಸುಮಾರು ಇಪ್ಪತ್ತು ಸಾವಿರ ಬೇಡ ಜನರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಹುಡುಗರನ್ನು ಆರಿಸಿ ಚೇಲಾ ಪಡೆಗಳನ್ನು ಕಟ್ಟಲಾಯಿತು. ಒಂದು ಸಮುದಾಯವನ್ನೇ ಊರು ಬಿಡಿಸಿ ಒಯ್ಯುವ ಪದ್ಧತಿ 1784ರಲ್ಲಿ ನಮ್ಮ ಮೇಲೆ ಮೊದಲ ಬಾರಿ ಪ್ರಯೋಗವಾದದ್ದಲ್ಲ. ನಮಗಿಂತ ಮುಂಚೆ ನಾಯರರು, ದುರ್ಗದ ಬೇಡರು ಅದೇ ದಾರಿಯಲ್ಲಿ ನಡೆದಿದ್ದರು.

1780ರ ಬೆಂಕಿ

1769ರ ಒಪ್ಪಂದದಂತೆ ಇಂಗ್ಲಿಷರು ಮರಾಠರ ವಿರುದ್ಧ ಹೈದರನಿಗೆ ನೆರವಾಗಬೇಕಿತ್ತು, ಆಗಲಿಲ್ಲ. 1779ರಲ್ಲಿ ಅವರು ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಯುದ್ಧ ಸಾಮಗ್ರಿ ಬರುತ್ತಿದ್ದದ್ದು ಆ ಬಂದರಿನಿಂದ. ಅವನ ಸಿಟ್ಟಿಗೆ ಕಾರಣ ಇರಲಿಲ್ಲ ಎನ್ನಲಾಗದು. 1780ರ ಜುಲೈಯಲ್ಲಿ ಎಂಬತ್ತು ತೊಂಬತ್ತು ಸಾವಿರ ಸೈನಿಕರೊಂದಿಗೆ ಚಂಗಮ ಕಣಿವೆಯ ಮೂಲಕ ಅವನು ಕರ್ನಾಟಿಕ್ ಬಯಲಿಗೆ ಇಳಿದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತದ್ದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ.

ಪಠ್ಯಪುಸ್ತಕದಲ್ಲಿ ಕಡಿಮೆ ಕಾಣುವುದು ಹಳ್ಳಿಗರ ಪಾಡು. ಇಂಗ್ಲಿಷ್ ಸೇನೆಗೆ ಅಕ್ಕಿ, ಹುಲ್ಲು, ದನ ಯಾವುದೂ ಸಿಗಬಾರದೆಂದು ಪುಲಿಕಾಟ್ ಸರೋವರದಿಂದ ಪಾಂಡಿಚೇರಿಯ ಕಡೆಗೆ, ಮದ್ರಾಸನ್ನು ಸುತ್ತುವಂತೆ ಊರುಗಳನ್ನು ಸುಟ್ಟು ಬರಿದು ಮಾಡುವ ಆಜ್ಞೆಯಾಯಿತು. ಕುದುರೆ ಸವಾರರು ಬೆಳೆ, ಗುಡಿಸಲು, ಕಣಜಗಳಿಗೆ ಬೆಂಕಿಯಿಟ್ಟರು. ಜನರನ್ನು ಅಟ್ಟಿದರು, ದನಕರುಗಳನ್ನು ಹೊಡೆದುಕೊಂಡು ಹೋದರು. ಕತ್ತಿಯಿಂದ ತಪ್ಪಿಸಿಕೊಂಡವರು ಹಸಿವಿನಿಂದ ಸತ್ತರು. ಮದ್ರಾಸಿಗೆ ಓಡಿಬಂದ ಹಸಿದ ಜನರಿಗೆ ಗಂಜಿ ಕೊಡಲು 1782ರಲ್ಲಿ ಆರಂಭವಾದ ಮಣೇಗಾರ ಛತ್ರವೇ ಮುಂದೆ ಸ್ಟಾನ್ಲಿ ಆಸ್ಪತ್ರೆಯ ಮೂಲವಾಯಿತು.

ಇದೇ ಯುದ್ಧದ ಒಂದು ಘಟನೆಯನ್ನು ಓದುಗರು ಗಮನಿಸಬೇಕೆಂದು ನಾವು ಬಯಸುತ್ತೇವೆ. ಪ್ರಷ್ಯಾ ದೇಶದ ಲುಥೆರನ್ ಮಿಷನರಿ ಕ್ರಿಶ್ಚಿಯನ್ ಶ್ವಾರ್ಟ್ಸ್ 1779ರಲ್ಲಿ ಮದ್ರಾಸ್ ಗವರ್ನರನ ಕೋರಿಕೆಯಂತೆ ಶಾಂತಿಯ ಮಾತಿಗಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರನನ್ನು ಕಂಡಿದ್ದರು. ಸಂಧಿ ಕೂಡಿಬರಲಿಲ್ಲ, ಆದರೆ ಅವರ ಸರಳತೆ ಹೈದರನ ಮನಸ್ಸಿನಲ್ಲಿ ಉಳಿಯಿತು. ಯುದ್ಧ ಆರಂಭವಾದಾಗ ಈ ಪಾದ್ರಿಗೆ ಯಾರೂ ತೊಂದರೆ ಕೊಡಬಾರದು, ಹೋದಲ್ಲಿ ದಾರಿ ಬಿಡಬೇಕು ಎಂದು ಅವನು ತನ್ನ ಅಧಿಕಾರಿಗಳಿಗೆ ಆಜ್ಞೆ ಮಾಡಿದನು. ಶ್ವಾರ್ಟ್ಸ್ ಮುಂಚಿತವಾಗಿ ಸಂಗ್ರಹಿಸಿಟ್ಟಿದ್ದ ಅಕ್ಕಿಯಿಂದ ತಂಜಾವೂರಿನಲ್ಲಿ ಅನೇಕ ಜೀವಗಳು ಉಳಿದವು.

ಆ ಆಜ್ಞೆ ಪಾಲನೆಯಾಯಿತು. ಅಂದರೆ ಅಷ್ಟು ದೊಡ್ಡ ಸೈನ್ಯಕ್ಕೂ ನಿರಪರಾಧಿಯನ್ನು ಗುರುತಿಸಿ ಬಿಟ್ಟುಬಿಡಲು ಸಾಧ್ಯವಿತ್ತು, ಮೇಲಿನವರು ಹೇಳಿದರೆ ಸಾಕಿತ್ತು. ಒಬ್ಬ ಪಾದ್ರಿಗೆ ಸಿಕ್ಕಿದ ರಕ್ಷಣೆ ಒಬ್ಬ ರೈತನ ಮನೆಗೆ ಸಿಗಲಿಲ್ಲ. ಸೈನ್ಯ ಕೈಮೀರಿ ಹೋಯಿತು, ಯುದ್ಧವೆಂದರೆ ಹಾಗೆಯೇ ಎಂದು ಹೇಳುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹೈದರನ ಮರಣ, ಮ್ಯಾಥ್ಯೂಸನ ದಂಡು

ಯುದ್ಧ ಮುಗಿಯುವ ಮುನ್ನವೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಬೆನ್ನಿನ ಹುಣ್ಣಿನಿಂದ ಹೈದರ್ ತೀರಿಕೊಂಡನು. ಟಿಪ್ಪು ದೂರದ ಮಲಬಾರಿನಲ್ಲಿದ್ದುದರಿಂದ ಸುದ್ದಿಯನ್ನು ಗುಟ್ಟಾಗಿಟ್ಟು, ದೇಹವನ್ನು ಕೋಲಾರಕ್ಕೆ ಸಾಗಿಸಿ ತಂದೆ ಫತೆ ಮಹಮ್ಮದನ ಗೋರಿಯ ಬಳಿ ಇಡಲಾಯಿತು. ಆಮೇಲೆ ಅದನ್ನು ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ಯಲಾಯಿತು.

ಅದೇ ಹೊತ್ತಿನಲ್ಲಿ ಬೊಂಬಾಯಿಯ ಇಂಗ್ಲಿಷ್ ಸೇನಾನಿ ರಿಚರ್ಡ್ ಮ್ಯಾಥ್ಯೂಸ್ ನಮ್ಮ ಕರಾವಳಿಗೆ ಇಳಿದಿದ್ದನು. 1783ರ ಜನವರಿ ಮೊದಲ ವಾರದಲ್ಲಿ ಹೊನ್ನಾವರದ ಕೋಟೆಯನ್ನು ದಾಳಿ ಮಾಡಿ ಹಿಡಿದನು. ಕುಂದಾಪುರದ ಮೂಲಕ ಘಟ್ಟ ಹತ್ತಿ ಬಿದನೂರನ್ನು ಹೋರಾಟವಿಲ್ಲದೆ ಪಡೆದನು. ಫೆಬ್ರವರಿಯಲ್ಲಿ ಅವನ ಪಡೆ ಅನಂತಪುರದ ಕೋಟೆಯೊಳಗೆ ನುಗ್ಗಿತು. ಸಾಗರ ತಾಲೂಕಿನ ಇಂದಿನ ಆನಂದಪುರವೇ ಅದು. ಮಾರ್ಚ್‌ನಲ್ಲಿ ಮಂಗಳೂರೂ ಅವನ ವಶವಾಯಿತು.

ಆನಂದಪುರದಲ್ಲಿ ನಡೆದದ್ದು ಏನೆಂಬುದೇ ವಾದದ ವಿಷಯ. ಶರಣಾಗುವ ಮಾತು ಮುರಿದರೆಂಬ ಕಾರಣಕ್ಕೆ ಕೋಟೆಯೊಳಗಿನವರನ್ನು ಕತ್ತಿಗೆ ಕೊಡಲಾಯಿತು. ದಂಡಿನ ಒಬ್ಬ ಕಿರಿಯ ಅಧಿಕಾರಿ ಬರೆದ ಪತ್ರ ಲಂಡನ್ನಿಗೆ ತಲುಪಿತು. ಕೋಟೆಯಲ್ಲಿದ್ದ ನಾನೂರು ಮಂದಿ ಹೆಂಗಸರು ಬಯೊನೆಟ್ಟಿನ ಇರಿತಕ್ಕೆ ಸಿಕ್ಕಿ ಬಿದ್ದಿದ್ದರು, ಸೈನಿಕರು ಅವರ ಮೈಮೇಲಿನ ಒಡವೆ ಕಿತ್ತರು, ಕೆಲವರು ಕೆರೆಗೆ ಹಾರಿದರು ಎಂಬ ವಿವರ ಅದರಲ್ಲಿತ್ತು. ಆ್ಯನ್ಯುವಲ್ ರಿಜಿಸ್ಟರ್ ಎಂಬ ಪ್ರಸಿದ್ಧ ವಾರ್ಷಿಕ ಸಂಪುಟ ಈ ವಿಷಯವನ್ನು ಅಚ್ಚು ಹಾಕಿತು. ಸುದ್ದಿ ದೊಡ್ಡದಾಯಿತು.

ಲಂಡನ್ನಿನಲ್ಲಿ ಎರಡು ವಾದ

ಬೊಂಬಾಯಿ ಸೇನೆಯ ಅಧಿಕಾರಿಗಳು ಸುಮ್ಮನಿರಲಿಲ್ಲ. ಇದು ಸುಳ್ಳು, ಸೇನೆಯ ಮಾನಕ್ಕೆ ಕಳಂಕ ಎಂದು ಸಮರ್ಥನೆಯ ಬರಹ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಆ ವಾರ್ಷಿಕ ಸಂಪುಟವೂ ಹೇಳಿದ್ದನ್ನು ಹಿಂತೆಗೆದುಕೊಂಡಿತು. ಮುಂದೆ ಜೇಮ್ಸ್ ಮಿಲ್, ವಿಲ್ಕ್ಸ್ ಮುಂತಾದ ಇತಿಹಾಸಕಾರರು ಈ ವಿಷಯವನ್ನು ಮತ್ತೆ ಮತ್ತೆ ಚರ್ಚಿಸಿದರು. ನಾನೂರು ಎಂಬ ಸಂಖ್ಯೆ ನಿಂತಿತೋ ಬಿದ್ದಿತೋ ಎಂಬುದೇ ಮುಖ್ಯವಾಯಿತು. ಕೋಟೆಯವರ ಕೊಲೆ ನಡೆದದ್ದನ್ನು ಯಾರೂ ಅಲ್ಲಗಳೆದಿರಲಿಲ್ಲ. ಪತ್ರ ಬರೆದವನೂ ಇಂಗ್ಲಿಷ್ ಅಧಿಕಾರಿ, ಅಲ್ಲಗಳೆದವರೂ ಇಂಗ್ಲಿಷ್ ಅಧಿಕಾರಿಗಳು, ತೀರ್ಪು ಕೊಟ್ಟವರು ಲಂಡನ್ನಿನ ಸಂಪಾದಕರು. ಆನಂದಪುರದವರ ಸಾಕ್ಷ್ಯಕ್ಕೆ ಈ ವಾದದಲ್ಲಿ ಸ್ಥಾನವಿರಲಿಲ್ಲ.

ಇನ್ನೊಂದು ವಿಷಯವೂ ಗಮನಾರ್ಹ. ಮ್ಯಾಥ್ಯೂಸನ ಜೊತೆಗಿದ್ದ ಹಿರಿಯ ಅಧಿಕಾರಿಗಳು ಬೊಂಬಾಯಿಗೆ ಹೋಗಿ ಅವನ ಮೇಲೆ ದೂರು ಕೊಟ್ಟು, ಅವನನ್ನು ಅಧಿಕಾರದಿಂದ ಇಳಿಸುವ ತನಕ ಬಿಡಲಿಲ್ಲ. ದೂರು ಮುಖ್ಯವಾಗಿ ಇದ್ದದ್ದು ಬಿದನೂರಿನ ಖಜಾನೆಯ ಹಣ ಮತ್ತು ತಮ್ಮೊಡನೆ ಅವನ ನಡತೆಯ ಬಗ್ಗೆ.

ಎರಡನೆಯ ವಾದ ಪಾರ್ಲಿಮೆಂಟಿನಲ್ಲಿ ನಡೆಯಿತು. 1785ರ ಫೆಬ್ರವರಿ 28ರಂದು ಎಡ್ಮಂಡ್ ಬರ್ಕ್ ಆರ್ಕಾಟ್ ನವಾಬನ ಸಾಲದ ಬಗ್ಗೆ ಮಾತನಾಡುತ್ತಾ, ಹೈದರನ ದಂಡು ಕರ್ನಾಟಿಕ್ ಹಳ್ಳಿಗಳಿಗೆ ಹಚ್ಚಿದ ಬೆಂಕಿಯನ್ನೂ ನಂತರದ ಹಸಿವನ್ನೂ ವಿವರವಾಗಿ ಚಿತ್ರಿಸಿದರು. ಆ್ಯನ್ಯುವಲ್ ರಿಜಿಸ್ಟರಿನ ಮೊದಲ ಸಂಪಾದಕರೂ ಇದೇ ಬರ್ಕ್. ಹೈದರನ ಕ್ರೌರ್ಯವನ್ನು ಅವರು ಮುಚ್ಚಿಡಲಿಲ್ಲ. ಆದರೆ ಬೆರಳು ತೋರಿಸಿದ್ದು ತಮ್ಮ ದೇಶದವರ ಕಡೆಗೆ. ನವಾಬನಿಗೆ ಸಾಲ ಕೊಟ್ಟು ಕೊಬ್ಬಿದ ಕಂಪನಿಯ ನೌಕರರೇ ಈ ಅನಾಹುತಕ್ಕೆ ದಾರಿ ಮಾಡಿದರೆಂಬುದು ಅವರ ಆರೋಪ. ತನ್ನ ಕಡೆಯವರ ಪಾಲನ್ನು ತನ್ನದೇ ಸಭೆಯಲ್ಲಿ ಎತ್ತಿ ಹೇಳುವುದು ಸುಲಭದ ಕೆಲಸವಲ್ಲ. ಅಂದಿನ ಮತದಾನದಲ್ಲಿ ಬರ್ಕ್ ಸೋತರು.

ನಮ್ಮ ಸೆರೆವಾಸ

ಟಿಪ್ಪು 1783ರಲ್ಲಿ ಬಿದನೂರನ್ನು ಮರಳಿ ಪಡೆದನು. ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತನು. ದೀರ್ಘ ಮುತ್ತಿಗೆಯ ನಂತರ 1784ರ ಜನವರಿ 30ರಂದು ಮಂಗಳೂರು ಟಿಪ್ಪುವಿನ ವಶವಾಯಿತು. ಮ್ಯಾಥ್ಯೂಸನಿಗೆ ನೆರವಾದರೆಂಬ ಆರೋಪದ ಮೇಲೆ ಕೆಲವೇ ವಾರಗಳಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿಯಲಾಯಿತು. ವಿಭೂತಿ ಬುಧವಾರದಂದು ಇದು ನಡೆಯಿತೆಂಬುದು ನಮ್ಮ ಪರಂಪರೆ. ಸೆರೆಯಾದವರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರ ಎಂದು ಬೇರೆ ಬೇರೆ ಅಂದಾಜುಗಳಿವೆ, ಟಿಪ್ಪುವಿನ ಆಸ್ಥಾನದ ಬರಹ ಅರುವತ್ತು ಸಾವಿರ ಎನ್ನುತ್ತದೆ. ಇಗರ್ಜಿಗಳು ನೆಲಸಮವಾದವು. ಘಟ್ಟದ ದಾರಿಯಲ್ಲಿ, ಶ್ರೀರಂಗಪಟ್ಟಣದಲ್ಲಿ ಅನೇಕರು ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ನಂತರ.

ಸಹಾಯ ಮಾಡಿದವರು ಇದ್ದರೇ, ಎಷ್ಟು ಮಂದಿ ಇದ್ದರು ಎಂಬ ಪ್ರಶ್ನೆಯನ್ನು ಇಂದಿಗೂ ಕೆಲವರು ಎತ್ತುತ್ತಾರೆ. ಯಾರೋ ಕೆಲವರು ಸಹಾಯ ಮಾಡಿದ್ದರೂ, ತೊಟ್ಟಿಲ ಮಗುವಿಗೆ, ಮುದುಕಿಗೆ, ಗದ್ದೆಯಲ್ಲಿದ್ದ ಒಕ್ಕಲಿಗೆ ಅದರ ಶಿಕ್ಷೆ ಏಕೆ? ಇದು ನಮ್ಮ ನ್ಯಾಯವಾದ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ಆನಂದಪುರದ ಹೆಂಗಸರ ಪರವಾಗಿ, ಕಾಂಚೀಪುರದ ಸುತ್ತಲಿನ ರೈತರ ಪರವಾಗಿ, ಮಲಬಾರಿನ ನಾಯರರ ಪರವಾಗಿ, 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸತ್ತವರ ಪರವಾಗಿಯೂ ಕೇಳಬೇಕಲ್ಲವೇ? ಹೈದರನ ಸವಾರರು, ಕ್ರೈಸ್ತ ದೊರೆಯ ಬಾವುಟದ ಕೆಳಗಿನ ಸಿಪಾಯಿಗಳು, ಪೇಶ್ವೆಯ ದಂಡು, ಈ ಮೂವರ ಕೈಯಲ್ಲಿ ಸತ್ತವರೂ ನಮ್ಮ ಹಿರಿಯರಂತೆಯೇ ಆಯುಧ ಹಿಡಿಯದವರು.

ಆ ಕಾಲವೇ ಹಾಗಿತ್ತು ಎನ್ನುವವರಿಗೆ

ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮಾಡುತ್ತಿದ್ದರು, ನಿಜ. ಆದರೆ ಅದು ತಪ್ಪೆಂದು ಗೊತ್ತಿಲ್ಲದ ಕಾಲವಲ್ಲ ಅದು. ಸ್ಪೇಯ್ನಿನ ಡೊಮಿನಿಕನ್ ಗುರು ಫ್ರಾನ್ಸಿಸ್ಕೋ ವಿಟೋರಿಯಾ 1539ರ ತಮ್ಮ ಉಪನ್ಯಾಸಗಳಲ್ಲಿ ನಿರಪರಾಧಿಗಳನ್ನು ಉದ್ದೇಶಪೂರ್ವಕವಾಗಿ ಕೊಲ್ಲಲಾಗದು ಎಂದು ಬೋಧಿಸಿದ್ದರು. ಮೊದಲ ಖಲೀಫ ಅಬೂಬಕರ್ ತನ್ನ ಸೇನೆಗೆ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬಾರದು, ಫಲ ಕೊಡುವ ಮರ ಕಡಿಯಬಾರದು ಎಂದು ತಾಕೀತು ಮಾಡಿದ್ದನೆಂದು ಮುಸ್ಲಿಂ ಸಂಪ್ರದಾಯ ಹೇಳುತ್ತದೆ. ಆಯುಧ ಕೆಳಗಿಟ್ಟವನನ್ನು ಕೊಲ್ಲಬಾರದೆಂಬ ಧರ್ಮಯುದ್ಧದ ನಿಯಮ ಮಹಾಭಾರತದಲ್ಲಿದೆ. ಹೈದರ್, ಮ್ಯಾಥ್ಯೂಸ್, ಮರಾಠಾ ಸರದಾರ, ಮೂವರೂ ತಮ್ಮ ತಮ್ಮ ಧರ್ಮದ ಮಾತನ್ನೇ ಮೀರಿದರು.

ಇದೇ ತತ್ವ 1949ರ ಜಿನೀವಾ ಒಪ್ಪಂದದಲ್ಲಿ ಕಾನೂನಾಯಿತು. ಭಾರತ 1950ರಲ್ಲಿ ಅದನ್ನು ಅಂಗೀಕರಿಸಿತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಇಡೀ ನಗರಗಳನ್ನು ಅಲ್ಲಿನ ಜನರೊಂದಿಗೆ ನಾಶಮಾಡುವ ಯುದ್ಧಕೃತ್ಯ ದೇವರ ಮತ್ತು ಮನುಷ್ಯನ ವಿರುದ್ಧದ ಅಪರಾಧವೆಂದು ಸ್ಪಷ್ಟವಾಗಿ ಖಂಡಿಸಿತು. ಇಷ್ಟಾದರೂ ನಾವು ದಿನವೂ ನೋಡುವ ಯುದ್ಧದ ಸುದ್ದಿಗಳಲ್ಲಿ ಅದೇ ವಾದ ನಡೆಯುತ್ತಿದೆ. ಸತ್ತವರು ಎಷ್ಟು, ಅವರ ನಡುವೆ ಯಾರು ಅಡಗಿದ್ದರು, ಮೊದಲು ಯಾರು ಆರಂಭಿಸಿದರು ಎಂದು ಎರಡು ಕಡೆಯವರೂ ವಾದಿಸುತ್ತಾರೆ, ಸತ್ತ ಮಗುವಿನ ಹೆಸರು ಮಾತ್ರ ಯಾರ ಬಾಯಲ್ಲೂ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ 2015ರಿಂದ ಸರಕಾರ ಟಿಪ್ಪು ಜಯಂತಿ ಆಚರಿಸಿ, 2019ರಲ್ಲಿ ಅದನ್ನು ನಿಲ್ಲಿಸಿದ ವರ್ಷಗಳಲ್ಲೂ ಇದೇ ಆಯಿತು. ಒಬ್ಬರಿಗೆ ಬೇಕಾದ ಸಾವು ಇನ್ನೊಬ್ಬರಿಗೆ ಬೇಡವಾಯಿತು. ನಮ್ಮ ಹಿರಿಯರ ಸೆರೆವಾಸವನ್ನೂ ಅನೇಕರು ತಮ್ಮ ತಮ್ಮ ಅನುಕೂಲಕ್ಕೆ ಬಳಸಿಕೊಂಡರು. ನಮ್ಮ ನೋವನ್ನು ಇಂದಿನ ನೆರೆಯವನ ಮೇಲೆ ಎಸೆಯುವ ಕಲ್ಲಾಗಿ ಮಾಡಲು ನಾವು ಯಾರಿಗೂ ಬಿಡಬಾರದು, ಹಾಗೆಂದು ಅದನ್ನು ಮರೆಯಲೂ ಬಾರದು.

ನಮ್ಮ ಧರ್ಮಕೇಂದ್ರಗಳಲ್ಲಿ ಜುಬಿಲಿ ಬಂದಾಗ ಸ್ಮರಣ ಸಂಚಿಕೆ ತರುತ್ತೇವೆ. ಇಗರ್ಜಿಯ ಇತಿಹಾಸದಲ್ಲಿ 1784ರ ಬಗ್ಗೆ ಒಂದು ಪುಟ ಇದ್ದೇ ಇರುತ್ತದೆ. ಅದನ್ನು ಬರೆಯುವ ಪಾಲನಾ ಮಂಡಳಿಯವರಲ್ಲಿ, ಧರ್ಮೋಪದೇಶದ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ಆ ಪುಟದಲ್ಲಿ 1783ರ ಹೊನ್ನಾವರ ಮತ್ತು ಆನಂದಪುರಕ್ಕೂ ಎರಡು ಸಾಲು ಕೊಡಿ. 1779ರ ಚಿತ್ರದುರ್ಗದವರಿಗೂ ಒಂದು ಸಾಲು ಇರಲಿ. ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲಿ. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ, ಯಾರೂ ಹೆಸರು ಬರೆದಿಡದ ಈ ಜನರನ್ನೂ ನೆನೆಯೋಣ.